ಲೊಯೋಲಾದ ಸಂತ ಇಗ್ನೇಷಿಯಸ್

ಲೊಯೋಲಾದ ಸಂತ ಇಗ್ನೇಷಿಯಸ್ (೧೪೯೧ – ಜುಲೈ ೩೧, ೧೫೫೬) ಸ್ಪೇನಿನ ಬಾಸ್ಕ್ ನಾಡಿನ ಕ್ರೈಸ್ತ ಸಂತರು, ಕಥೋಲಿಕ ಗುರುಗಳು ಹಾಗೂ ಯೇಸುಸಭೆ ಅಥವಾ ಜೆಸ್ವಿಟ್ ಸಂಸ್ಥೆಯ ಮೊದಲ ಮುಖ್ಯಸ್ಥರು. ಮನಸ್ಸಿನಲ್ಲಿ ಏಳುವ ಪ್ರೇರಣೆಗಳಲ್ಲಿ ಯಾವುದು ದೇವರ ಕಡೆಗೆ ಒಯ್ಯುತ್ತದೆ, ಯಾವುದು ದಾರಿ ತಪ್ಪಿಸುತ್ತದೆ ಎಂದು ಗುರುತಿಸುವ ವಿವೇಚನೆಯ ನಿಯಮಗಳಿಂದಲೂ ದಿನನಿತ್ಯದ ಆತ್ಮಪರಿಶೀಲನೆಯ ಕ್ರಮದಿಂದಲೂ ಅವರು ಪ್ರಸಿದ್ಧರಾಗಿದ್ದಾರೆ. ಈ ನಿಯಮಗಳಲ್ಲಿ ಹೆಚ್ಚಿನವು ಅವರ ಸ್ವಂತ ಅನುಭವದಿಂದ, ಅದರಲ್ಲಿಯೂ ಅವರು ಎಡವಿದ ಸಂದರ್ಭಗಳಿಂದ ರೂಪುಗೊಂಡವು.

ಆರಂಭಿಕ ಜೀವನ

ಇಗ್ನೇಷಿಯಸ್‌ರು ಅಜ್ಪೇಯಿತಿಯಾ ಪಟ್ಟಣದ ಬಳಿಯ ಲೊಯೋಲಾ ಕೋಟೆಮನೆಯಲ್ಲಿ ಒಂದು ಕುಲೀನ ಮನೆತನದಲ್ಲಿ ಜನಿಸಿದರು. ಅವರ ಮೊದಲ ಹೆಸರು ಇನ್ಯಿಗೋ. ತಾರುಣ್ಯದಲ್ಲಿ ಕ್ಯಾಸ್ಟೀಲ್ ರಾಜ್ಯದ ಕೋಶಾಧಿಕಾರಿಯ ಮನೆಯಲ್ಲಿ ಬೆಳೆದು, ಆಸ್ಥಾನದ ರೀತಿನೀತಿಗಳನ್ನೂ ಕತ್ತಿವರಸೆಯನ್ನೂ ಕಲಿತರು. ಕೀರ್ತಿಯ ಹಂಬಲ ಅವರಲ್ಲಿ ಬಲವಾಗಿತ್ತು. ೧೫೧೭ರ ನಂತರ ನವಾರದ ರಾಜಪ್ರತಿನಿಧಿಯ ಸೇವೆಗೆ ಸೇರಿದರು.

ಗಾಯ ಮತ್ತು ಪರಿವರ್ತನೆ

೧೫೨೧ರ ಮೇ ೨೦ರಂದು ಪಾಂಪ್ಲೋನಾ ಕೋಟೆಯನ್ನು ಫ್ರೆಂಚ್ ಸೇನೆಯಿಂದ ರಕ್ಷಿಸುವ ಕದನದಲ್ಲಿ ಫಿರಂಗಿ ಗುಂಡು ತಗುಲಿ ಅವರ ಬಲಗಾಲಿನ ಮೂಳೆ ಮುರಿಯಿತು. ಮೂಳೆ ಕೂಡಿದ ಮೇಲೂ ಒಂದು ಉಬ್ಬು ಉಳಿದಾಗ, ಕಾಲು ಚೆಂದವಾಗಿ ಕಾಣಬೇಕೆಂಬ ಆಸೆಯಿಂದ ಅದನ್ನು ಕತ್ತರಿಸಿ ತೆಗೆಸಿಕೊಂಡರು. ಆದರೂ ಕುಂಟು ಉಳಿಯಿತು.

ಲೊಯೋಲಾದಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಓದಲು ವೀರಗಾಥೆಗಳು ದೊರೆಯದೆ, ಕ್ರಿಸ್ತನ ಜೀವನಚರಿತ್ರೆ ಹಾಗೂ ಸಂತರ ಚರಿತ್ರೆಗಳು ಸಿಕ್ಕವು. ಒಬ್ಬ ಕುಲೀನ ಮಹಿಳೆಯ ಮೆಚ್ಚುಗೆ ಗಳಿಸುವ ಶೌರ್ಯದ ಕನಸುಗಳು ಕಾಣುವಾಗ ಸುಖ ನೀಡಿದರೂ ಅನಂತರ ಮನಸ್ಸನ್ನು ಬರಿದಾಗಿಸುತ್ತಿದ್ದವು. ಸಂತರಂತೆ ಬದುಕುವ ಆಲೋಚನೆಗಳು ಮುಗಿದ ಮೇಲೂ ಸಂತೋಷವನ್ನು ಉಳಿಸುತ್ತಿದ್ದವು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ವಿವೇಚನೆಯ ಮೊದಲ ಪಾಠವಾಯಿತು.

ಆದರೆ ಆ ಪಾಠ ಕೂಡಲೇ ಪಕ್ವವಾಗಲಿಲ್ಲ. ೧೫೨೨ರಲ್ಲಿ ಮೊನ್‌ಸೆರಾಟ್ ಯಾತ್ರಾಸ್ಥಳಕ್ಕೆ ಹೋಗುವ ದಾರಿಯಲ್ಲಿ ಜೊತೆಗೂಡಿದ ಒಬ್ಬ ಮುಸ್ಲಿಂ ಪ್ರಯಾಣಿಕನೊಡನೆ ಮಾತೆ ಮರಿಯಳ ಕನ್ಯತ್ವದ ಬಗ್ಗೆ ವಾದ ನಡೆಯಿತು. ಅವನು ಮುಂದೆ ಸಾಗಿದ ಮೇಲೆ, ಅವನನ್ನು ಇರಿಯಬೇಕೇ ಬೇಡವೇ ಎಂದು ನಿರ್ಧರಿಸಲಾಗದೆ ಇಗ್ನೇಷಿಯಸ್‌ರು ಹೇಸರಗತ್ತೆಯ ಲಗಾಮನ್ನು ಸಡಿಲಬಿಟ್ಟು, ತೀರ್ಮಾನವನ್ನು ಅದಕ್ಕೇ ಒಪ್ಪಿಸಿದರು. ಅದು ಬೇರೆ ದಾರಿ ಹಿಡಿದುದರಿಂದ ಕೊಲೆ ತಪ್ಪಿತು. ವಿವೇಚನೆಯಿಲ್ಲದ ಭಕ್ತ್ಯಾವೇಶ ಎಷ್ಟು ಅಪಾಯಕಾರಿ ಎಂಬುದಕ್ಕೆ ಈ ಘಟನೆ ನಿದರ್ಶನವಾಗಿದೆ.

ಮನ್ರೇಸಾದ ದಿನಗಳು

ಮೊನ್‌ಸೆರಾಟ್‌ನಲ್ಲಿ ಕತ್ತಿಯನ್ನು ಅರ್ಪಿಸಿ, ಸಮೀಪದ ಮನ್ರೇಸಾ ಪಟ್ಟಣದಲ್ಲಿ ಸುಮಾರು ಹತ್ತು ತಿಂಗಳು ಭಿಕ್ಷಾಟನೆ, ಉಪವಾಸ ಮತ್ತು ಪ್ರಾರ್ಥನೆಯಲ್ಲಿ ಕಳೆದರು. ಅಲ್ಲಿ ಹಳೆಯ ಪಾಪಗಳನ್ನು ಪೂರ್ಣವಾಗಿ ನಿವೇದಿಸಿಲ್ಲವೆಂಬ ಶಂಕೆ ಅವರನ್ನು ಕಾಡಿತು. ಮತ್ತೆ ಮತ್ತೆ ಪಾಪನಿವೇದನೆ ಮಾಡಿದರೂ ನೆಮ್ಮದಿ ಸಿಗದೆ ಆತ್ಮಹತ್ಯೆಯ ಯೋಚನೆಯವರೆಗೂ ತಲುಪಿದರು. ಕೊನೆಗೆ, ತನ್ನನ್ನು ಹತಾಶೆಗೆ ತಳ್ಳುತ್ತಿರುವ ಈ ಶಂಕೆ ದೇವರಿಂದ ಬಂದುದಲ್ಲವೆಂದು ಮನಗಂಡು, ಹಳೆಯ ಪಾಪಗಳನ್ನು ಪುನಃ ನಿವೇದಿಸುವುದನ್ನು ಬಿಟ್ಟರು. ಆತ್ಮಪರಿಶೀಲನೆಯೂ ಆತ್ಮಪೀಡನೆಯೂ ಒಂದೇ ಅಲ್ಲವೆಂಬ ಅರಿವು ಹೀಗೆ ಮೂಡಿತು.

ವಿದ್ಯಾಭ್ಯಾಸ

೧೫೨೩ರಲ್ಲಿ ಜೆರುಸಲೇಮಿಗೆ ಯಾತ್ರೆ ಹೋದರು. ಅಲ್ಲಿಯೇ ನೆಲೆಸಲು ಫ್ರಾನ್ಸಿಸ್ಕನ್ ಮಠದವರು ಒಪ್ಪಲಿಲ್ಲ. ಮರಳಿ ಬಂದು, ಮೂವತ್ತು ದಾಟಿದ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯತೊಡಗಿದರು. ಪಾಠ ಬಾಯಿಪಾಠ ಮಾಡುವಾಗಲೆಲ್ಲ ಆಧ್ಯಾತ್ಮಿಕ ಹೊಳಹುಗಳು ಬಂದು ಓದು ನಿಲ್ಲುತ್ತಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಬಾರದ ಇವು ಓದಿನ ಹೊತ್ತಿನಲ್ಲೇ ಬರುವುದನ್ನು ಪರಿಶೀಲಿಸಿ, ಇವು ಒಳ್ಳೆಯದರ ವೇಷ ತೊಟ್ಟ ಪ್ರಲೋಭನೆಗಳೆಂದು ನಿರ್ಣಯಿಸಿದರು. ತರಗತಿ ತಪ್ಪಿಸುವುದಿಲ್ಲವೆಂದು ಶಿಕ್ಷಕರಿಗೆ ಮಾತು ಕೊಟ್ಟರು.

ಆಲ್ಕಲಾದಲ್ಲಿ ೪೨ ದಿನ, ಸಲಮಾಂಕಾದಲ್ಲಿ ೨೨ ದಿನ ಅವರ ಬೋಧನೆಯ ವಿಚಾರಣೆಗಾಗಿ ಸೆರೆಯಲ್ಲಿದ್ದರು. ೧೫೨೮ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಕ್ಸೇವಿಯರ್ ಅವರ ಕೊಠಡಿಯ ಸಂಗಾತಿಗಳಾದರು.

ಯೇಸುಸಭೆಯ ಸ್ಥಾಪನೆ

೧೫೩೪ರ ಆಗಸ್ಟ್ ೧೫ರಂದು ಇಗ್ನೇಷಿಯಸ್ ಮತ್ತು ಆರು ಸಂಗಾತಿಗಳು ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ವ್ರತ ಕೈಗೊಂಡರು. ೧೫೩೭ರಲ್ಲಿ ವೆನಿಸ್ಸಿನಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ೧೫೪೦ರ ಸೆಪ್ಟೆಂಬರ್ ೨೭ರಂದು ಪೋಪ್ ಮೂರನೆಯ ಪೌಲರು ಯೇಸುಸಭೆಗೆ ಮಾನ್ಯತೆ ನೀಡಿದರು. ೧೫೪೧ರಲ್ಲಿ ಸಂಗಾತಿಗಳು ಇಗ್ನೇಷಿಯಸ್‌ರನ್ನೇ ಮುಖ್ಯಸ್ಥರನ್ನಾಗಿ ಆರಿಸಿದಾಗ ಅವರು ಒಪ್ಪದೆ ಮತ್ತೊಮ್ಮೆ ಮತದಾನ ಮಾಡಿಸಿದರು. ಫಲಿತಾಂಶ ಬದಲಾಗದಿದ್ದಾಗ ನಿರ್ಧಾರವನ್ನು ತಮ್ಮ ಪಾಪನಿವೇದನೆ ಕೇಳುತ್ತಿದ್ದ ಗುರುವಿಗೆ ಬಿಟ್ಟು, ಅವರು ಹೇಳಿದ ಮೇಲೆಯೇ ಹೊಣೆ ಹೊತ್ತರು.

ವಿವೇಚನೆ ಮತ್ತು ಆತ್ಮಪರಿಶೀಲನೆ

ಮನ್ರೇಸಾದಲ್ಲಿ ಬರೆಯಲು ತೊಡಗಿದ ಟಿಪ್ಪಣಿಗಳು ಬೆಳೆದು 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೃತಿಯಾದವು. ಇದಕ್ಕೆ ೧೫೪೮ರಲ್ಲಿ ಪೋಪರ ಅನುಮೋದನೆ ದೊರೆಯಿತು. ಸುಮಾರು ಮೂವತ್ತು ದಿನಗಳ ಧ್ಯಾನಕ್ರಮವನ್ನು ಇದು ನಾಲ್ಕು 'ವಾರ'ಗಳಾಗಿ ವಿಂಗಡಿಸುತ್ತದೆ. ಮನಸ್ಸು ಶುಷ್ಕವಾಗಿ ಕುಗ್ಗಿರುವಾಗ ಹಿಂದೆ ಕೈಗೊಂಡ ನಿರ್ಧಾರವನ್ನು ಬದಲಿಸಬಾರದು. ಒಳ್ಳೆಯದೆಂದು ತೋರುವ ಆಲೋಚನೆಯ ಆದಿ, ಮಧ್ಯ, ಅಂತ್ಯಗಳನ್ನೂ ಪರಿಶೀಲಿಸಬೇಕು ಎಂಬುವು ಇದರ ಮುಖ್ಯ ನಿಯಮಗಳಲ್ಲಿ ಸೇರಿವೆ.

ಆತ್ಮಪರಿಶೀಲನೆಗೆ ಐದು ಹಂತಗಳಿವೆ: ಪಡೆದ ವರಗಳಿಗಾಗಿ ಕೃತಜ್ಞತೆ, ತನ್ನ ಪಾಪಗಳನ್ನು ಅರಿಯುವ ಕೃಪೆಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮಾಯಾಚನೆ ಮತ್ತು ತಿದ್ದಿಕೊಳ್ಳುವ ಸಂಕಲ್ಪ. ತಪ್ಪುಗಳ ಎಣಿಕೆಗಿಂತ ಮೊದಲು ಕೃತಜ್ಞತೆಯನ್ನು ಇರಿಸಿರುವುದು ಇದರ ವೈಶಿಷ್ಟ್ಯ.

ನಿಧನ ಮತ್ತು ಪರಂಪರೆ

ಇಗ್ನೇಷಿಯಸ್‌ರು ೧೫೫೬ರ ಜುಲೈ ೩೧ರಂದು ರೋಮಿನಲ್ಲಿ ನಿಧನರಾದರು. ಆಗ ಸಂಸ್ಥೆಯಲ್ಲಿ ಸುಮಾರು ಸಾವಿರ ಸದಸ್ಯರಿದ್ದರು. ೧೬೨೨ರ ಮಾರ್ಚ್ ೧೨ರಂದು ಪೋಪ್ ಹದಿನೈದನೆಯ ಗ್ರೆಗೊರಿಯವರು ಅವರನ್ನು ಸಂತರೆಂದು ಘೋಷಿಸಿದರು. ಜುಲೈ ೩೧ ಅವರ ಹಬ್ಬದ ದಿನ. ಕರ್ನಾಟಕದಲ್ಲಿ ಯೇಸುಸಭೆಯವರು ೧೮೮೦ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಇಗ್ನೇಷಿಯಸ್‌ರು ರೂಪಿಸಿದ ಆತ್ಮಪರಿಶೀಲನೆಯ ಕ್ರಮವನ್ನು ಇಂದು ಸಂಸ್ಥೆಯ ಹೊರಗಿನ ಕ್ರೈಸ್ತರೂ ಅನುಸರಿಸುತ್ತಾರೆ.