ಗ್ಯಾಸ್ಟನ್ ಟಿಸ್ಸಾಂಡಿಯರ್ (1843–1899): ವಿದ್ಯುತ್ ಬಲದಿಂದ ಆಕಾಶಯಾನ

ವಿದ್ಯುತ್ ಮೋಟಾರಿನ ಬಲದಿಂದ ಮನುಷ್ಯನನ್ನು ಹೊತ್ತು ಸಾಗಿದ ಪ್ರಪ್ರಥಮ ವಾಯುನೌಕೆಯನ್ನು ನಿರ್ಮಿಸಿದ ಕೀರ್ತಿ ಫ್ರಾನ್ಸ್ ದೇಶದ ಗ್ಯಾಸ್ಟನ್ ಟಿಸ್ಸಾಂಡಿಯರ್ ಮತ್ತು ಅವರ ಅಣ್ಣ ಆಲ್ಬರ್ಟ್ ಅವರಿಗೆ ಸಲ್ಲುತ್ತದೆ. ಈ ಕಾರ್ಯವನ್ನು ಸಹೋದರರು ಸ್ವಂತ ಖರ್ಚಿನಲ್ಲಿ ನೆರವೇರಿಸಿದರು.

ಜೀವನ

ಗ್ಯಾಸ್ಟನ್ ಅವರು 1843ರ ನವೆಂಬರ್ 21ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ರಸಾಯನಶಾಸ್ತ್ರವನ್ನು ಅಭ್ಯಸಿಸಿದ ಅವರು 1868ರಲ್ಲಿ ಪ್ರಥಮ ಬಾರಿಗೆ ಬಲೂನ್ ಏರಿದರು. 1870ರಲ್ಲಿ ಪ್ರಷ್ಯನ್ ಸೇನೆಯು ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದಾಗ ಬಲೂನಿನಲ್ಲಿ ನಗರದಿಂದ ಹೊರಬಂದರು. 1873ರಲ್ಲಿ ‘ಲಾ ನಾತ್ಯೂರ್’ ಎಂಬ ವಿಜ್ಞಾನ ಪತ್ರಿಕೆಯನ್ನು ಸ್ಥಾಪಿಸಿದರು.

1875ರ ಏಪ್ರಿಲ್ 15ರಂದು ‘ಜೆನಿತ್’ ಬಲೂನಿನಲ್ಲಿ ಇಬ್ಬರು ಸಂಗಡಿಗರೊಂದಿಗೆ ಎಂಟು ಸಾವಿರ ಮೀಟರಿಗೂ ಅಧಿಕ ಎತ್ತರಕ್ಕೆ ಏರಿದಾಗ ಆಮ್ಲಜನಕದ ಕೊರತೆಯಿಂದ ಮೂವರೂ ಪ್ರಜ್ಞಾಹೀನರಾದರು. ಸಂಗಡಿಗರಿಬ್ಬರೂ ಮೃತರಾದರು. ಬದುಕುಳಿದ ಗ್ಯಾಸ್ಟನ್ ಶ್ರವಣಶಕ್ತಿಯನ್ನು ಕಳೆದುಕೊಂಡರು. ಆದಾಗ್ಯೂ ಅವರು ಆಕಾಶಯಾನವನ್ನು ತ್ಯಜಿಸಲಿಲ್ಲ.

ವಿದ್ಯುತ್ ವಾಯುನೌಕೆ

ಬಲೂನು ಗಾಳಿ ಒಯ್ದ ಕಡೆಗೆ ಮಾತ್ರ ಸಾಗುತ್ತಿತ್ತು. 1852ರಲ್ಲಿ ಹೆನ್ರಿ ಗಿಫಾರ್ಡ್ ಅವರು ಉಗಿ ಯಂತ್ರವನ್ನು ಬಳಸಿ ವಾಯುನೌಕೆಯನ್ನು ಚಲಾಯಿಸಿದ್ದರು. ಆದರೆ ಹೊತ್ತಿಕೊಳ್ಳುವ ಅನಿಲದ ಕೆಳಗೆ ಬೆಂಕಿಯನ್ನು ಇರಿಸುವುದು ಅಪಾಯಕಾರಿಯಾಗಿತ್ತು. ಇಂಧನ ಉರಿದಂತೆ ನೌಕೆ ಹಗುರವಾಗಿ ಸಮತೋಲ ತಪ್ಪುವ ತೊಂದರೆಯೂ ಇತ್ತು. ವಿದ್ಯುತ್ ಮೋಟಾರಿಗೆ ಬೆಂಕಿ ಬೇಕಿಲ್ಲ. ಅದರ ತೂಕವೂ ಬದಲಾಗುವುದಿಲ್ಲ. ಈ ಅನುಕೂಲಗಳನ್ನು ಗಮನಿಸಿದ ಗ್ಯಾಸ್ಟನ್, 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ 3.5 ಮೀಟರ್ ಉದ್ದದ ಮಾದರಿಯನ್ನು ಚಲಾಯಿಸಿ ತೋರಿಸಿದರು.

ಅನಂತರ ನಿರ್ಮಿಸಿದ ಪೂರ್ಣ ಗಾತ್ರದ ನೌಕೆಯ ವಿವರ:

• ಉದ್ದ: 28 ಮೀಟರ್
• ಅನಿಲದ ಪ್ರಮಾಣ: ಸುಮಾರು 1,060 ಘನ ಮೀಟರ್ ಜಲಜನಕ
• ಮೋಟಾರು: ಸೀಮೆನ್ಸ್, 1.5 ಅಶ್ವಶಕ್ತಿ
• ವಿದ್ಯುತ್ ಮೂಲ: ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದ 24 ಕೋಶಗಳು

1883ರ ಅಕ್ಟೋಬರ್ 8ರಂದು ಸಹೋದರರು ಪ್ಯಾರಿಸ್ಸಿನ ಓತೈ ಎಂಬಲ್ಲಿಂದ ಮೇಲೇರಿ ಒಂದು ಗಂಟೆಗೂ ಹೆಚ್ಚು ಕಾಲ ಹಾರಿದರು. ನೌಕೆಯ ವೇಗ ಸೆಕೆಂಡಿಗೆ 3 ಮೀಟರ್. ಅಂದಿನ ಗಾಳಿಯ ವೇಗವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದುದರಿಂದ ಗಾಳಿಗೆ ಎದುರಾಗಿ ನಿಲ್ಲಲು ಸಾಧ್ಯವಾಯಿತೇ ಹೊರತು ಹೊರಟ ಸ್ಥಳಕ್ಕೆ ಮರಳಲಾಗಲಿಲ್ಲ. ಭಾರವಾದ ಕೋಶಗಳಿಂದ ಅಲ್ಪ ಶಕ್ತಿ ದೊರೆಯುತ್ತಿದ್ದುದೇ ಇದಕ್ಕೆ ಕಾರಣ.

1884ರ ಆಗಸ್ಟ್ 9ರಂದು ಫ್ರೆಂಚ್ ಸೇನೆಯ ರೆನಾರ್ಡ್ ಮತ್ತು ಕ್ರೆಬ್ಸ್ ಎಂಬ ಅಧಿಕಾರಿಗಳು ಹೆಚ್ಚು ಶಕ್ತಿಯುತವಾದ ವಿದ್ಯುತ್ ನೌಕೆಯಲ್ಲಿ ಸುಮಾರು 8 ಕಿಲೋಮೀಟರ್ ಕ್ರಮಿಸಿ ಹೊರಟಲ್ಲಿಗೇ ಹಿಂದಿರುಗಿದರು. ಅದೇ ವರ್ಷ ಸೆಪ್ಟೆಂಬರ್ 26ರಂದು ಟಿಸ್ಸಾಂಡಿಯರ್ ಸಹೋದರರು ಸುಧಾರಿತ ಚುಕ್ಕಾಣಿಯೊಂದಿಗೆ ಮತ್ತೊಮ್ಮೆ ಹಾರಿದರು. ಗ್ಯಾಸ್ಟನ್ ಅವರು 1899ರಲ್ಲಿ ನಿಧನರಾದರು.

ಮಹತ್ವ

ಬ್ಯಾಟರಿಯ ತೂಕಕ್ಕೆ ತಕ್ಕಷ್ಟು ಶಕ್ತಿಯನ್ನು ಪಡೆಯುವುದು ಹೇಗೆಂಬುದು ಗ್ಯಾಸ್ಟನ್ ಎದುರಿಸಿದ ಪ್ರಶ್ನೆ. ಲಿಥಿಯಂ ಬ್ಯಾಟರಿಗಳು ಬಂದ ನಂತರವೂ ವಿದ್ಯುತ್ ವಿಮಾನಗಳ ವಿನ್ಯಾಸಕಾರರ ಮುಂದೆ ಇರುವುದು ಅದೇ ಪ್ರಶ್ನೆ.

ಸಾರ್ವಜನಿಕರ ಗಮನಕ್ಕೆ

ಕುರಕುಂಟಾ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗಗಳ ಆಸಕ್ತರು ಇಂತಹ ಪ್ರಯೋಗಗಳನ್ನು ನೆಲದ ಮೇಲಿನ ಮಾದರಿಗಳಿಂದಲೇ ಆರಂಭಿಸುವುದು ಸೂಕ್ತ. ಮನುಷ್ಯರನ್ನು ಹೊತ್ತು ಹಾರುವ ಯಾವುದೇ ವಾಹನಕ್ಕೆ ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಅನ್ವಯಿಸುತ್ತವೆ. ಚಾಲಕರಹಿತ ಡ್ರೋನ್‌ಗಳಿಗೆ 2021ರ ಡ್ರೋನ್ ನಿಯಮಗಳು ಅನ್ವಯವಾಗುತ್ತವೆ. ಹಾರಾಟಕ್ಕೆ ಮುನ್ನ ಅಗತ್ಯ ಅನುಮತಿಯನ್ನು ಪಡೆಯತಕ್ಕದ್ದು.