ಶಾಲೆ ಬಾಗಿಲು ಎಲ್ಲರಿಗೂ ತೆಗೆಸಿದ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು



ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೀರಿ ಅಂದರು. ಎಸ್ಸೆಸ್ಸೆಲ್ಸಿ ಓದಿದ ಒಕ್ಕಲಿಗ ನಾನು. ತಿಳಿದಷ್ಟು ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾಲ್ವಡಿಯವರು ನಮ್ಮ ಸೀಮೆಯ ದೊರೆಯಲ್ಲ. ಆಗ ನಮ್ಮ ಸಿರುಗುಪ್ಪ, ಬಳ್ಳಾರಿ ಎಲ್ಲ ಮದ್ರಾಸಿಗೆ ಸೇರಿದ್ದವು. ಬಳ್ಳಾರಿ ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ರಂದು. ಆದರೂ ಅವರ ಜೀವನ ನಮಗೂ ಪಾಠ.

ಅವರು ಹುಟ್ಟಿದ್ದು 1884ರ ಜೂನ್ 4ರಂದು. ಹತ್ತು ವರ್ಷದ ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ನೋಡಿಕೊಂಡು, 1902ರಲ್ಲಿ ಮಗನ ಕೈಗೆ ಒಪ್ಪಿಸಿದರು.

ಕನ್ನಂಬಾಡಿ ಕಟ್ಟೆ ಎಲ್ಲರಿಗೂ ಗೊತ್ತು. ಶಾಲೆಗಾಗಿ ಅವರು ಮಾಡಿದ ಕೆಲಸ ಅಷ್ಟು ಗೊತ್ತಿಲ್ಲ. ಮಕ್ಕಳಿಗೆ ಕಡ್ಡಾಯ ಶಿಕ್ಷಣ ಕೊಡಬೇಕೆಂದು ಗೋಖಲೆಯವರು ತಂದ ಮಸೂದೆ ಬ್ರಿಟಿಷರ ಸಭೆಯಲ್ಲಿ 1912ರಲ್ಲಿ ಬಿದ್ದುಹೋಯಿತು. ಮರುವರ್ಷವೇ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾನೂನು ಮಾಡಿತು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳನ್ನೂ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು. ಕೆಲವು ಕಡೆ ವಿರೋಧ ಬಂದರೂ ಸರ್ಕಾರ ಹಿಂದೆ ಸರಿಯಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾಯಿತು. ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಸಿಗಲೆಂದು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು.

ಎಲ್ಲವೂ ಆಗಿಬಿಟ್ಟಿತು ಅಂತ ಹೇಳುವುದಿಲ್ಲ. ಕಡ್ಡಾಯ ಅನ್ನೋದು ಮೊದಲು ಆಯ್ದ ಊರುಗಳಲ್ಲಿ ಮಾತ್ರ ಇತ್ತು. ಆದರೆ ಮಗುವನ್ನು ಓದಿಸುವುದು ದಾನವಲ್ಲ, ಆಳುವವರ ಕರ್ತವ್ಯ ಎಂಬ ದಾರಿ ಬಿತ್ತು. 1940ರ ಆಗಸ್ಟ್ 3ರಂದು ಅವರು ತೀರಿಕೊಂಡರು.

ಈಗ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ 2010ರಿಂದ ಕಾನೂನಿನ ಹಕ್ಕಾಗಿದೆ. ನಮ್ಮ ಭಾಗಕ್ಕೆ 371ಜೆ ಕೂಡ ಬಂದಿದೆ. ಸರ್ಕಾರ ಶಾಲೆ, ಮೇಷ್ಟ್ರು ಕೊಡಬೇಕು, ಕೊಡದಿದ್ದರೆ ಕೇಳೋಣ. ಆದರೆ ಮೆಣಸಿನಕಾಯಿ ಬಿಡಿಸೋಕೆ, ಹತ್ತಿ ಬಿಡಿಸೋಕೆ ಮಕ್ಕಳನ್ನು ಶಾಲೆ ಬಿಡಿಸುವವರು ನಾವೇ ಅಲ್ಲವೇ? ನನ್ನ ಅಕ್ಕ ನನಗಿಂತ ಜಾಣೆ. ನನ್ನನ್ನು ಎತ್ತಿಕೊಳ್ಳಲಿಕ್ಕೆಂದು ಅವಳನ್ನು ಮೂರನೇ ಇಯತ್ತೆಗೇ ಬಿಡಿಸಿದರು. ಇವತ್ತಿಗೂ ಸಂಘದ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ಅದನ್ನು ನೋಡಿದಾಗೆಲ್ಲ ನನಗೆ ತಲೆ ಎತ್ತಲಾಗುವುದಿಲ್ಲ.

ಸಂಘದಲ್ಲಿ ಹತ್ತು ಎಕರೆಯವನಿಗೂ ಅರ್ಧ ಎಕರೆಯವನಿಗೂ ಒಂದೇ ಮತ. ಶಾಲೆಯಲ್ಲೂ ಹಾಗೆಯೇ ಗಂಡಿಗೂ ಹೆಣ್ಣಿಗೂ, ಎಲ್ಲ ಕೇರಿಯ ಮಕ್ಕಳಿಗೂ ಒಂದೇ ಸಾಲು ಇರಲಿ. ನಮ್ಮ ಊರಿನ ಮುಂದಿನ ಹಬ್ಬದ ಹೊತ್ತಿಗೆ ಹೆಬ್ಬೆಟ್ಟಿನ ಮಸಿಡಬ್ಬಿ ಕಚೇರಿಯಿಂದ ಎತ್ತಿಡುವಂತಾಗಲಿ ಎಂದು ಹಾರೈಸುತ್ತೇನೆ.

– ಸಂಘದ ಒಬ್ಬ ನಿರ್ದೇಶಕ, ಕೆಂಚನಗುಡ್ಡ