ಫರ್ಡಿನಾಂಡ್ ಪೋರ್ಷೆ

ನಮ್ಮ ಧಾರೇಶ್ವರದ ಕಡಲತಡಿಯಲ್ಲಿ ಬಿಸಿಲಿಗೆ ನಡೆದವರಿಗೆ, ಪಡುವಣ ಗಾಳಿ ಬೀಸಿದೊಡನೆ ಮೈ ತಣಿಯುವ ಸುಖ ಗೊತ್ತು. ನೀರಿನ ಹಂಗಿಲ್ಲದೆ ಗಾಳಿಯಿಂದಲೇ ತಣಿಯುವ ಕಾರಿನ ಎಂಜಿನನ್ನು ಲೋಕಪ್ರಸಿದ್ಧಗೊಳಿಸಿದವರಲ್ಲಿ ಫರ್ಡಿನಾಂಡ್ ಪೋರ್ಷೆ ಅಗ್ರಗಣ್ಯನು.

ಈತನು 1875ರಲ್ಲಿ ಬೊಹೀಮಿಯದಲ್ಲಿ ತಗಡು ಕೆಲಸಗಾರನೊಬ್ಬನ ಮಗನಾಗಿ ಜನಿಸಿದನು. ಎಂಜಿನಿಯರಿಂಗ್ ಪದವಿಯಿಲ್ಲದಿದ್ದರೂ ಸ್ವಪ್ರಯತ್ನದಿಂದ ಕಲಿತು, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತನ್ನ ವಿದ್ಯುತ್ ಕಾರಿನಿಂದ ಹೆಸರಾದನು. 1931ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಸ್ವಂತ ಕಚೇರಿ ತೆರೆದನು. ಜನಸಾಮಾನ್ಯರ ಕಾರಾದ ಫೋಕ್ಸ್‌ವ್ಯಾಗನ್ ಅಲ್ಲಿ ರೂಪುಗೊಂಡಿತು.

ಅದರ ಎಂಜಿನಿನ ಬಲ ಸುಮಾರು 24 ಅಶ್ವಶಕ್ತಿ ಮಾತ್ರ. 1939ರ ಬರ್ಲಿನ್–ರೋಮ್ ಪಂದ್ಯಕ್ಕಾಗಿ ಪೋರ್ಷೆಯ ಕಚೇರಿ ಅದನ್ನೇ ಹುರಿಗೊಳಿಸಿತು. ವಾಲ್ವುಗಳನ್ನು ಹಿರಿದು ಮಾಡಿ, ಎರಡು ಕಾರ್ಬ್ಯುರೇಟರುಗಳನ್ನಿಟ್ಟು, ಸಿಲಿಂಡರಿನೊಳಗಿನ ಮಿಶ್ರಣವನ್ನು ಇನ್ನಷ್ಟು ಬಿಗಿಯಾಗಿ ಒತ್ತುವಂತೆ ಮಾಡಿದರು. ಎಂಜಿನಿನ ಉಸಿರಾಟ ಸರಾಗವಾದರೆ ಬಲ ಹೆಚ್ಚುತ್ತದೆ, ಜೊತೆಗೆ ಕಾವೂ ಹೆಚ್ಚುತ್ತದೆ. ಫ್ಯಾನಿನ ಗಾಳಿ ಹೊತ್ತೊಯ್ಯುವುದಕ್ಕಿಂತ ಹೆಚ್ಚು ಕಾವು ಹುಟ್ಟಿದರೆ ಎಂಜಿನು ಉಳಿಯದು. ಅಷ್ಟರಲ್ಲಿ ಯುದ್ಧ ಬಂದು ಪಂದ್ಯವೇ ನಿಂತಿತು.

1948ರಲ್ಲಿ ಮಗ ಫೆರ್ರಿ ಇಂಥ ಮಾರ್ಪಾಡುಗಳಿಂದಲೇ 25 ಅಶ್ವಶಕ್ತಿಯ ಎಂಜಿನನ್ನು 35ಕ್ಕೆ ಏರಿಸಿ, ಪೋರ್ಷೆ ಹೆಸರಿನ ಮೊದಲ ಕಾರನ್ನು ರಸ್ತೆಗಿಳಿಸಿದನು. ಅದನ್ನು ಕಂಡ ತಂದೆ 1951ರಲ್ಲಿ ತೀರಿಕೊಂಡನು.

ಆದರೆ ಈ ಜೀವನದಲ್ಲಿ ಮರೆಮಾಚಲಾಗದ ಕಲೆಯೊಂದಿದೆ. ಪೋರ್ಷೆ ಹಿಟ್ಲರನ ಆಶ್ರಯದಲ್ಲಿ ದುಡಿದನು. ಯುದ್ಧಕಾಲದಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ಸೆರೆಯಾಳುಗಳ ಬಲವಂತದ ದುಡಿಮೆಯಿಂದ ನಡೆಯಿತು. ಎಂಜಿನಿನ ಮಿತಿಯನ್ನು ಇಷ್ಟು ಚೆನ್ನಾಗಿ ಅರಿತವನು, ತಾನು ಯಾರಿಗಾಗಿ ದುಡಿಯುತ್ತಿದ್ದೇನೆಂದು ಕೇಳಿಕೊಳ್ಳಲಿಲ್ಲ. ವಿದ್ಯೆ ಕಲಿಯುತ್ತಿರುವ ನಾವು ಆ ಪ್ರಶ್ನೆಯನ್ನು ಮರೆಯಬಾರದು.